ಕೋಲಿಗಿಂತ ಮುಂದೆ ಹೋದ ಅಕ್ಷರ

ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅತ್ತೆಯವರ ಎಡಗಣ್ಣಿಗೆ ಹನಿ ಹಾಕುತ್ತೇನೆ. ಕುರ್ಚಿಯಲ್ಲಿ ಕೂತು ತಲೆಯನ್ನು ಹಿಂದಕ್ಕೆ ವಾಲಿಸಿ ಕೊಡುತ್ತಾರೆ. ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ಒಂದೇ ಒಂದು ಹನಿ ಬಿಟ್ಟು, ಐದು ನಿಮಿಷ ಕಣ್ಣು ಮುಚ್ಚಿಕೊಂಡಿರಿ ಎನ್ನುತ್ತೇನೆ. ಈ ಹನಿ ಕಣ್ಣಿನ ಒಳಗಿನ ಒತ್ತಡ ತಗ್ಗಿಸುತ್ತದೆ. ಹೋದ ದೃಷ್ಟಿಯನ್ನು ತಂದುಕೊಡುವುದಿಲ್ಲ, ಉಳಿದಷ್ಟನ್ನು ಹಿಡಿದಿಡುತ್ತದೆ. ಉಳಿದಿರುವುದಾದರೂ ಎಷ್ಟು? ಎಡಗಣ್ಣಿನಲ್ಲಿ ಕಿಟಕಿಯ ಬೆಳಕು ಗೊತ್ತಾಗುತ್ತದೆ, ಎದುರು ಬಂದು ನಿಂತವರ ಆಕಾರ ಗೊತ್ತಾಗುತ್ತದೆ. ಬಲಗಣ್ಣಿನಲ್ಲಿ ಏನೂ ಇಲ್ಲ. ಎರಡು ವರ್ಷ ಮುಂಚೆ ಇದೇ ಹನಿ ಶುರು ಮಾಡಿದ್ದರೆ ಎಡಗಣ್ಣನ್ನಾದರೂ ಉಳಿಸಿಕೊಳ್ಳಬಹುದಿತ್ತು ಎಂದು ಡಾಕ್ಟರು ಹೇಳಿದರು. ಎರಡು ವರ್ಷ ಮುಂಚೆ ಕಣ್ಣಿನ ಪರೀಕ್ಷೆ ನಮ್ಮ ಮನೆ ಬಾಗಿಲಿಗೇ ಬಂದಿತ್ತು, ಅದೂ ಒಂದು ಪೈಸೆ ಖರ್ಚಿಲ್ಲದೆ. ಅದನ್ನು ಅವರಿಂದ ತಪ್ಪಿಸಿದವಳು ನಾನು. ಇದನ್ನು ಇಷ್ಟು ದಿನ ಯಾರಿಗೂ ಸರಿಯಾಗಿ ಹೇಳಿಲ್ಲ, ಬರೆದಾದರೂ ಮುಗಿಸೋಣ ಎಂದು ಕೂತಿದ್ದೇನೆ.

ನಾನು ಮೇಷ್ಟ್ರಗಿತ್ತಿ. ಸುಂಟಿಕೊಪ್ಪದಿಂದ ಸ್ವಲ್ಪ ಒಳಗಿರುವ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ನನ್ನ ಬಾಯಿ ಜೋರು ಎಂದು ಊರೇ ಹೇಳುತ್ತದೆ, ಅದು ಸುಳ್ಳೇನಲ್ಲ. ಅದಕ್ಕಿಂತ ಜೋರು ನನ್ನ ಕಣ್ಣು. ಪರೀಕ್ಷೆಯಲ್ಲಿ ನಕಲು ಹೊಡೆಯುವ ಮಗುವನ್ನು ಬೆನ್ನು ನೋಡಿಯೇ ಹಿಡಿಯುತ್ತಿದ್ದೆ. ಓದಲು ಬಾರದ ಮಗು ಪಾಠವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದರೆ ಅದನ್ನು ಪತ್ತೆ ಮಾಡುವುದು ಇನ್ನೂ ಸುಲಭ. ಅಂಥ ಮಗುವಿನ ಬೆರಳು ಪುಸ್ತಕದಲ್ಲಿ ಹಿಂದೆಯೇ ಉಳಿದಿರುತ್ತದೆ, ಬಾಯಿ ಮಾತ್ರ ಮುಂದೆ ಮುಂದೆ ಓಡುತ್ತಿರುತ್ತದೆ. "ನಿಲ್ಸು. ಈಗ ನಿನ್ನ ಬೆರಳಿರೋ ಪದ ಯಾವ್ದು ಹೇಳು" ಎಂದರೆ ಮುಗಿಯಿತು. ಎಷ್ಟು ಮಕ್ಕಳನ್ನು ಹೀಗೆ ಬೆಂಚಿನ ಮೇಲೆ ನಿಲ್ಲಿಸಿದ್ದೇನೋ ಲೆಕ್ಕವಿಲ್ಲ.

ನನ್ನ ಗಂಡ ಮನೆಯ ನಾಲ್ಕು ಎಕರೆ ಕಾಫಿ ತೋಟ ನೋಡಿಕೊಳ್ಳುತ್ತಾರೆ, ಮಾತು ಕಡಿಮೆ. ಅತ್ತೆಯವರ ತವರು ಶಿರಂಗಾಲ. ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಬೆಳಿಗ್ಗೆ ಸ್ನಾನ ಮುಗಿಸಿ ವಿಭೂತಿ ಹಚ್ಚಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ನೋಡುತ್ತಾ ಕೂರುವುದು ಅವರ ನಿತ್ಯದ ಪದ್ಧತಿ. ಸೊಸೆಯಾದ ನನಗೆ ಅವರ ಆರೋಗ್ಯವೇ ಒಂದು ಸರ್ಟಿಫಿಕೇಟು. ಮದುವೆ ಮನೆಗಳಲ್ಲಿ ಊಟದ ಪಂಕ್ತಿಯಲ್ಲಿ ಕೂತು, "ನಮ್ಮತ್ತೆಗೆ ಎಪ್ಪತ್ತಾರು. ತಿರುವಿನಲ್ಲಿ ಬರೋ ಬಸ್ಸಿನ ಬೋರ್ಡು ಇವತ್ತಿಗೂ ಜಗಲಿಯಿಂದ್ಲೇ ಓದ್ತಾರೆ" ಎಂದು ಹೇಳಿಕೊಳ್ಳುತ್ತಿದ್ದೆ. ಕೇಳಿದವರು, "ನೋಡ್ಕೊಳ್ಳೋರು ಚೆನ್ನಾಗಿ ನೋಡ್ಕೊಂಡ್ರೆ ಹಂಗೇ ಕಣಮ್ಮ" ಎನ್ನುತ್ತಿದ್ದರು. ಆ ಒಂದು ಮಾತಿಗಾಗಿಯೇ ನಾನು ಬಸ್ಸಿನ ಬೋರ್ಡಿನ ವಿಷಯ ತೆಗೆಯುತ್ತಿದ್ದದ್ದು.

ಬಸ್ಸಿನ ಬೋರ್ಡನ್ನು ಓದುತ್ತಿದ್ದದ್ದು ನಿಜ. ಆದರೆ ಆಗಲೇ ಬೇರೆ ಕೆಲವು ಸಂಗತಿಗಳೂ ಶುರುವಾಗಿದ್ದವು. ಬಾಗಿಲು ದಾಟುವಾಗ ಅವರ ಬಲಭುಜ ಚೌಕಟ್ಟಿಗೆ ತಾಗುತ್ತಿತ್ತು. ಲೋಟಕ್ಕೆ ಬಗ್ಗಿಸಿದ ಕಾಫಿ ಲೋಟದ ಪಕ್ಕದಲ್ಲಿ ಬೀಳುತ್ತಿತ್ತು. ಪೂಜೆಗೆ ಕೂತಾಗ ಅಂಗೈಯ ಲಿಂಗವನ್ನು ಎಡಗಣ್ಣಿನ ನೇರಕ್ಕೆ ಸರಿಸಿಕೊಂಡು, ಮುಖವನ್ನು ಓರೆ ಮಾಡಿ ನೋಡುತ್ತಿದ್ದರು. ಇದೆಲ್ಲ ನನಗೆ ಕಂಡಿತ್ತು. ವಯಸ್ಸು ಎಂದುಕೊಂಡು ಚೆಲ್ಲಿದ ಕಾಫಿ ಒರೆಸುತ್ತಿದ್ದೆ.

ಆ ವರ್ಷ ನಮ್ಮ ಶಾಲೆಯಲ್ಲಿ ಒಂದು ಭಾನುವಾರ ಉಚಿತ ಕಣ್ಣಿನ ತಪಾಸಣೆ ಇಟ್ಟರು. ಬಯಲುಸೀಮೆ ಕಡೆಯ ಒಂದು ಕಣ್ಣಿನ ಆಸ್ಪತ್ರೆಯವರು ಬರುತ್ತಾರೆ, ಅರವತ್ತು ದಾಟಿದ ಯಾರು ಬೇಕಾದರೂ ತೋರಿಸಬಹುದು, ಹೆಚ್ಚಿನ ಪರೀಕ್ಷೆ ಬೇಕಾದವರನ್ನು ಅವರೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಆಪರೇಷನ್ ಬೇಕಿದ್ದರೆ ಮಾಡಿಸಿ, ವಾಪಸ್ ತಂದು ಬಿಡುತ್ತಾರೆ. ಜನ ಸೇರಿಸುವ ಜವಾಬ್ದಾರಿ ನನಗೆ ಬಿತ್ತು. ಎಸ್ಟೇಟುಗಳಲ್ಲಿ ಹಾಜರಿ ಬರೆಯುವ ರೈಟರುಗಳಿಗೆ ಹೇಳಿದ ಮೇಲೆ, ಲೈನ್ ಎಂದು ಕರೆಯುವ ಸಾಲುಮನೆಗಳ ಕೆಲಸಗಾರರು ಜೀಪು, ಟ್ರ್ಯಾಕ್ಟರುಗಳಲ್ಲಿ ಬರುವುದು ಖಾತ್ರಿಯಾಯಿತು. ತೋಟ, ಗದ್ದೆ ಇದ್ದ ಮನೆಗಳವರು ಮಾತ್ರ ಹೂಂ ಎನ್ನಲಿಲ್ಲ. "ಬಿಟ್ಟಿ ಕ್ಯಾಂಪಿಗೆ ನಾವು ಹೋಗಿ ನಿಂತ್ಕೊಂಡ್ರೆ ನೋಡಿದವ್ರು ಏನಂತಾರೆ ಟೀಚರೆ?" ಎಂದು ನಕ್ಕು ಕಳಿಸಿದರು. ಆ ಮನೆಗಳಲ್ಲೂ ತಡವರಿಸಿಕೊಂಡು ನಡೆಯುವ ಮುದುಕರಿದ್ದರು. ಆಗ ಕ್ಯಾಂಪಿನವರೇ, "ಮೇಡಂ, ನಿಮ್ಮ ಮನೆಯ ಹಿರಿಯರೊಬ್ಬರು ಬಂದ್ರೆ ಉಳಿದವರ ಸಂಕೋಚ ಹೋಗುತ್ತೆ" ಎಂದರು. ನಾನು ಒಪ್ಪಿದೆ. ಅತ್ತೆಯವರನ್ನು ಪರೀಕ್ಷೆಗೆಂದು ಕರೆದುಕೊಂಡು ಹೋಗಲಿಲ್ಲ, ತೋರಿಕೆಗೆಂದು ಕರೆದುಕೊಂಡು ಹೋದೆ.

ಹಿಂದಿನ ದಿನ ಸಂಜೆ ಅಡುಗೆಮನೆಯಲ್ಲಿ ವಿಷಯ ಹೇಳಿದಾಗ ಅವರು ಅವರೆಕಾಯಿ ಸುಲಿಯುತ್ತಿದ್ದರು.

"ಹಂಗಾದ್ರೆ ಒಳ್ಳೇದೇ ಆಯ್ತು ಕಣವ್ವ" ಎಂದರು. "ಬಲಗಣ್ಣು ಮಂಜು ಮಂಜು. ಈಚೀಚೆಗಂತೂ ಏನೂ ಕಾಣ್ತಾನೇ ಇಲ್ಲ. ನಿಂಗೆ ಹೇಳಾನ ಅಂತಿದ್ದೆ."

ಇಷ್ಟು ಸ್ಪಷ್ಟವಾಗಿ ಹೇಳಿದರು. ಆ ಕ್ಷಣ ನನ್ನ ಕಣ್ಣ ಮುಂದೆ ಬಂದದ್ದು ಅವರ ಕಣ್ಣಲ್ಲ, ಕ್ಯಾಂಪಿನ ಆ ಬಸ್ಸು. ಲೈನಿನ ಜನರ ನಡುವೆ, ಮಡಿಲಲ್ಲಿ ಬಟ್ಟೆಯ ಗಂಟಿಟ್ಟುಕೊಂಡು, ಟೀಚರ ಅತ್ತೆ ಬಿಟ್ಟಿ ಬಸ್ಸಿನಲ್ಲಿ ಕೂತಿರುತ್ತಾರೆ. ಊರು ನೋಡುತ್ತದೆ. ನಾಳೆ ಮದುವೆ ಮನೆಯಲ್ಲಿ ಬಸ್ಸಿನ ಬೋರ್ಡಿನ ಮಾತು ಎಲ್ಲಿಂದ ಎತ್ತಲಿ?

"ಅದು ವಯಸ್ಸಿಗೆ ಬರೋದು ಅತ್ತೆ" ಎಂದೆ. "ಅಲ್ಲಿ ಅದನ್ನೆಲ್ಲ ಹೇಳೋಕೆ ಹೋಗ್ಬೇಡಿ. ಹೇಳಿದ್ರೆ ಬಸ್ಸಿಗೆ ಹತ್ತಿಸ್ಕೊಂಡು ಹೋಗ್ಬಿಡ್ತಾರೆ. ರಜೆಯಲ್ಲಿ ನಾವೇ ಮೈಸೂರಿಗೆ ಹೋಗಿ ಒಳ್ಳೆ ಡಾಕ್ಟ್ರಿಗೆ ತೋರಿಸೋಣ. ನಾಳೆ ನೀವು ಸುಮ್ನೆ ಪಾಸಾಗಿ ಬನ್ನಿ, ಸಾಕು."

ಅವರು ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿ, "ಆಯ್ತು ಬಿಡವ್ವ, ನಿನ್ನ ಮರ್ಯಾದೆ ಪ್ರಶ್ನೆ" ಎಂದರು. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ.

ಭಾನುವಾರ ಶಾಲೆಯ ಅಂಗಳ ತುಂಬಿತ್ತು. ನಾನು ಇಸ್ತ್ರಿ ಮಾಡಿದ ಸೀರೆಯುಟ್ಟು ಮೈಕಿನ ಮುಂದೆ ನಿಂತೆ. ಉಚಿತ ಎಂದರೆ ಕೀಳಲ್ಲ, ಕಣ್ಣಿಗೆ ಬಡವ ಬಲ್ಲಿದ ಎಂಬ ಭೇದವಿಲ್ಲ, ನಾಚಿಕೊಂಡು ಮನೆಯಲ್ಲಿ ಕೂತವರು ಕತ್ತಲೆಯಲ್ಲಿ ಕೂರಬೇಕಾಗುತ್ತದೆ ಎಂದು ಹತ್ತು ನಿಮಿಷ ಮಾತಾಡಿದೆ. "ಇಲ್ಲಿ ನೋಡಿ, ನಮ್ಮ ಅತ್ತೆಯವರೇ ಬಂದು ಸಾಲಿನಲ್ಲಿ ಕೂತಿದ್ದಾರೆ" ಎಂದಾಗ ಚಪ್ಪಾಳೆ ಬಿತ್ತು. ಅತ್ತೆಯವರು ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸಿದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಮಾತನ್ನು ನನ್ನಂಥವರನ್ನು ನೋಡಿಯೇ ಹಿರಿಯರು ಕಟ್ಟಿರಬೇಕು.

ಬೆಂಚಿನಲ್ಲಿ ಅವರ ಪಕ್ಕ ಕೂತಿದ್ದವಳು ಸುಗ್ಗಿಯಲ್ಲಿ ನಮ್ಮ ತೋಟಕ್ಕೆ ಕಾಫಿ ಕೊಯ್ಯಲು ಬರುವ ಹೆಂಗಸು. ಪಕ್ಕದ ಎಸ್ಟೇಟಿನ ಲೈನಿನಲ್ಲಿ ಹುಟ್ಟಿ ಬೆಳೆದವಳು, ಮನೆಮಾತು ತಮಿಳು, ವಯಸ್ಸು ಅರವತ್ತರ ಮೇಲೆ. ಅವಳಿಗೆ ಓದು ಬಾರದು. ಅಂಥವರಿಗೆ ಬೇರೆ ಚಾರ್ಟು ಇತ್ತು, ಮೂರು ಹಲ್ಲಿನ ಬಾಚಣಿಗೆಯ ಹಾಗಿರುವ ಚಿತ್ರದ ಹಲ್ಲು ಯಾವ ಕಡೆಗಿದೆ ಎಂದು ಕೈಯಲ್ಲಿ ತೋರಿಸಬೇಕು. ಅವಳು ಕೈ ಎತ್ತಲೇ ಇಲ್ಲ. "ಕಾಣಲ್ಲಮ್ಮ. ಎಲ್ಲಾ ಹೊಗೆ ಮಾದಿರಿ ಇದೆ" ಎಂದಳು. ಅಷ್ಟೇ. ಅವಳ ಚೀಟಿಯಲ್ಲಿ ಗುರುತು ಹಾಕಿ ಒಳಗೆ ಡಾಕ್ಟರ ಹತ್ತಿರ ಕಳಿಸಿದರು. ಚಾರ್ಟು ಓದಲಾರದವರು ಒಳಗೆ ಹೋಗಬೇಕು. ಅಲ್ಲಿ ಕಣ್ಣಿನ ಒಳಗಿನ ಒತ್ತಡ ಅಳೆದು, ದೀಪ ಬಿಟ್ಟು ಹಿಂದಿನ ನರ ನೋಡುತ್ತಾರೆ. ಓದಿದವರು ಹೊರಗಿನಿಂದಲೇ ಮನೆಗೆ ಹೋಗಬಹುದು. ಆ ದಿನದ ವ್ಯವಸ್ಥೆ ಹೀಗಿತ್ತು.

ಅತ್ತೆಯವರ ಸರದಿ ಬಂತು. ನನ್ನದೇ ತರಗತಿಯ ಗೋಡೆಗೆ ಕನ್ನಡ ಅಕ್ಷರಗಳ ಚಾರ್ಟು ತೂಗುಹಾಕಿದ್ದರು. ಕ್ಯಾಂಪಿನ ಹೆಂಗಸೊಬ್ಬರು ನನ್ನದೇ ಕೋಲು ಹಿಡಿದು ಒಂದೊಂದೇ ಅಕ್ಷರ ತೋರಿಸುತ್ತಿದ್ದರು. ನಾನು ಬಾಗಿಲಲ್ಲಿ ನಿಂತೆ. ಮೊದಲು ಬಲಗಣ್ಣು ಮುಚ್ಚಿಸಿ ಎಡಗಣ್ಣಿನಲ್ಲಿ ಓದಿಸಿದರು. ಅತ್ತೆಯವರು ನಿಧಾನವಾಗಿ, ಕೋಲು ಇಟ್ಟಲ್ಲಿ ಕಣ್ಣಿಟ್ಟು, ಕೆಳಗಿನ ಸಾಲಿನವರೆಗೂ ಆರೂ ಅಕ್ಷರಗಳನ್ನು ಓದಿದರು. "ರ… ಠ… ಗ… ಪ… ಸ… ದ." ಒಂದೂ ತಪ್ಪಲಿಲ್ಲ. ನಾನು ಹೆಮ್ಮೆಯಿಂದ ಅತ್ತಿತ್ತ ನೋಡಿದೆ.

"ಈಗ ಎಡಗಣ್ಣು ಮುಚ್ಕೊಳ್ಳಿ ಅಜ್ಜಿ."

ಮುಚ್ಚಿಕೊಳ್ಳುವ ಮೊದಲು ಅತ್ತೆಯವರು ತಿರುಗಿ, ಕಾಣುತ್ತಿದ್ದ ಆ ಒಂದು ಕಣ್ಣಿನಿಂದ ನನ್ನನ್ನು ನೋಡಿದರು. ಏನು ಮಾಡಲಿ ಎಂದು ಕೇಳುವ ನೋಟ ಅದು. ಮೂವತ್ತು ವರ್ಷ ಒಂದೇ ಒಲೆಯ ಮುಂದೆ ನಿಂತವರಿಗೆ ಅಷ್ಟು ಅರ್ಥವಾಗುತ್ತದೆ. ನಾನು ಅಡ್ಡಕ್ಕೆ ತಲೆಯಾಡಿಸಿ, "ಅತ್ತೆ, ಕಾಣದಿದ್ರೆ ಕಾಣಲ್ಲ ಅನ್ನಿ" ಎನ್ನಬಹುದಿತ್ತು. ನಾನು ನಕ್ಕು, ಹೂಂ ಎಂದು ತಲೆಯಾಡಿಸಿದೆ.

ಅವರು ಎಡಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡು ಒಪ್ಪಿಸಿದರು. ಹೌದು, ಓದಲಿಲ್ಲ, ಒಪ್ಪಿಸಿದರು. "ರ, ಠ, ಗ, ಪ, ಸ, ದ." ಕೋಲು ಇನ್ನೂ ಮೂರನೆಯ ಅಕ್ಷರದ ಕೆಳಗಿತ್ತು, ಅತ್ತೆಯವರ ಬಾಯಿ ಐದನೆಯದನ್ನು ದಾಟಿತ್ತು. ಬೆಳಗಿನಿಂದ ನೂರಾರು ಜನರಿಗೆ ಓದಿಸಿ ದಣಿದಿದ್ದ ಆ ಹೆಂಗಸು ಫಾರಂ ತುಂಬಲು ತಲೆ ಬಗ್ಗಿಸಿದ್ದರು, ಅವರಿಗೆ ಅದು ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ಯಾವ ತಪ್ಪನ್ನು ಹಿಡಿದು ಅಷ್ಟು ಕಾಲ ಏಳೆಂಟು ವರ್ಷದ ಕೂಸುಗಳನ್ನು ಅಳಿಸಿದ್ದೆನೋ ಅದೇ ತಪ್ಪು ಅದೇ ಕೋಣೆಯಲ್ಲಿ ನನ್ನ ಕಣ್ಣೆದುರು ನಡೆಯಿತು. ನಾನೇ ಅದಕ್ಕೆ ಒಪ್ಪಿಗೆ ಕೊಟ್ಟಿದ್ದೆ.

"ಎರಡೂ ಚೆನ್ನಾಗಿವೆ ಅಜ್ಜಿ" ಎಂದು ಆ ಹೆಂಗಸು ಚೀಟಿಗೆ ಸೀಲು ಒತ್ತಿ ಕೊಟ್ಟರು.

ಆಟೋದಲ್ಲಿ ಮನೆಗೆ ಹೊರಟಾಗ ಕ್ಯಾಂಪಿನ ಬಸ್ಸು ಗೇಟಿನ ಹತ್ತಿರ ನಿಂತಿತ್ತು. ಕಾಫಿ ಕೊಯ್ಯುವವಳು ಕಿಟಕಿಯ ಪಕ್ಕ ಬಟ್ಟೆಯ ಚೀಲ ಹಿಡಿದು ಕೂತಿದ್ದಳು. ಅತ್ತೆಯವರು ಅತ್ತ ತಿರುಗಿ ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಪಾಸಾದ್ನೇನವ್ವ?" ಎಂದು ಕೇಳಿದರು.

"ಫಸ್ಟ್ ಕ್ಲಾಸ್ ಅತ್ತೆ" ಎಂದೆ. ಇಬ್ಬರೂ ನಕ್ಕೆವು.

ಆ ರಜೆಯಲ್ಲಿ ಮೈಸೂರಿಗೆ ಹೋಗಲಿಲ್ಲ. ಮೊದಲು ಶಾಲೆಯ ಕೆಲಸ, ಆಮೇಲೆ ತೋಟದ ಕೆಲಸ, ಆಮೇಲೆ ಯಾರದೋ ಗೃಹಪ್ರವೇಶ. ನಿಜ ಹೇಳಬೇಕೆಂದರೆ ಸೀಲು ಬಿದ್ದ ಆ ಚೀಟಿ ನನಗೆ ಗುರಾಣಿಯಾಯಿತು. "ಅವ್ವನ ಕಣ್ಣು ಯಾಕೋ ಸರಿ ಇದ್ದಂಗಿಲ್ಲ ಕಣೆ" ಎಂದು ಗಂಡ ಒಂದೆರಡು ಸಲ ಅಂದರು. ನಾನು ಬೀರುವಿನಿಂದ ಚೀಟಿ ತೆಗೆದು ತೋರಿಸಿದೆ. ಪಾಪ, ಓದಿದ ಹೆಂಡತಿ, ಆಸ್ಪತ್ರೆಯ ಸೀಲು. ಅವರು ಚೀಟಿ ಮಡಚಿ ವಾಪಸ್ ಕೊಟ್ಟರು. ಅತ್ತೆಯವರಂತೂ ಮತ್ತೆ ಕಣ್ಣಿನ ಮಾತೇ ಎತ್ತಲಿಲ್ಲ. ಪಾಸಾದವರು ಹೇಗೆ ಎತ್ತುತ್ತಾರೆ?

ಮುಂದಿನ ಕಾಫಿ ಸುಗ್ಗಿಗೆ ಆ ಹೆಂಗಸು ಮತ್ತೆ ಬಂದಳು. ಎರಡೂ ಕಣ್ಣಿನ ಪೊರೆ ತೆಗೆದಿದ್ದರು. ಹಣ್ಣು ಯಾವುದು ಕಾಯಿ ಯಾವುದು ದೂರದಿಂದಲೇ ಗೊತ್ತಾಗುತ್ತದೆ ಎಂದು ಸಂತೋಷದಿಂದ ಹೇಳಿಕೊಂಡಳು. ಮಧ್ಯಾಹ್ನ ಕಣದ ಹತ್ತಿರ ಕೂತು ಊಟ ಮಾಡುತ್ತಿದ್ದವಳು, ಅತ್ತೆಯವರು ಹರಡಿದ ಕಾಫಿಯ ಅಂಚನ್ನು ಕಾಲಬೆರಳಿನಿಂದ ಮುಟ್ಟಿ ಮುಟ್ಟಿ ನಡೆಯುವುದನ್ನು ನೋಡಿ ನನ್ನ ಹತ್ತಿರ ಬಂದಳು.

"ಟೀಚರಮ್ಮ, ಅಜ್ಜಿಗೆ ಕಣ್ಣು ಕಾಣಲ್ಲ. ನಾನು ಮೊದಲು ಹಿಂಗೇ ನಡೀತಿದ್ದೆ. ಆಪರೇಷನ್ ಆದ್ಮೇಲೆ ನಾನು ಮಡಿಕೇರಿ ದೊಡ್ಡಾಸ್ಪತ್ರೇಲೇ ತೋರಿಸೋದು, ದುಡ್ಡು ಬೇಡ. ನಾನೇ ಕರ್ಕೊಂಡು ಹೋಗ್ತೀನಿ ಬೇಕಾದ್ರೆ."

"ನಮ್ಮನೆ ಅತ್ತೇನ ನಮಗೆ ನೋಡ್ಕೊಳ್ಳೋಕೆ ಬರುತ್ತೆ. ನೀನು ನಿನ್ನ ಕೆಲಸ ನೋಡು" ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನನ್ನದು ಅದೇ ಕತೆ. ಅವಳು ಹೋಗಿ ಚೀಲ ಕಟ್ಟಿಕೊಂಡಳು. ಆ ಮಾತನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅದಾದ ಮೇಲೂ ಒಂದು ವರ್ಷ ಕಳೆಯಲು ಬಿಟ್ಟೆ.

ಕೊನೆಗೆ ಎಲ್ಲವೂ ಬಯಲಾದದ್ದು ನಾದಿನಿಯ ಮಗಳಿಗೆ ಮಡಿಲಕ್ಕಿ ತುಂಬಿದ ದಿನ. ಮದುವೆಯಾದ ಹುಡುಗಿ ಮೊದಲ ಸಲ ಅಜ್ಜಿಯ ಮನೆಗೆ ಬಂದಿದ್ದಳು. ಹಿರಿಯರು ಅತ್ತೆಯವರೇ, ಮೊದಲ ಬೊಗಸೆ ಅವರದೇ ಆಗಬೇಕು. ಹುಡುಗಿ ಮಣೆಯ ಮೇಲೆ ಕೂತು ಸೆರಗು ಹಿಡಿದಳು. ಅತ್ತೆಯವರು ಬೊಗಸೆ ತುಂಬ ಅಕ್ಕಿ ತೆಗೆದುಕೊಂಡು, ಬಾಯಲ್ಲಿ ಹರಕೆ ಹೇಳುತ್ತಾ, ಸೆರಗಿನ ಪಕ್ಕ ಒಂದು ಗೇಣು ಆಚೆಗೆ ನೆಲದ ಮೇಲೆ ಸುರಿದರು. ಎಲೆ ಅಡಿಕೆ, ಕೊಬ್ಬರಿ, ಬೆಲ್ಲ ಎಲ್ಲವನ್ನೂ ಅಲ್ಲೇ ಇಟ್ಟರು. ಹುಡುಗಿ ಸೆರಗನ್ನು ಅತ್ತ ಚಾಚಲು ನೋಡಿದಳು, ಅಷ್ಟರಲ್ಲಿ ಮುಗಿದಿತ್ತು. ಅತ್ತೆಯವರು ತುಂಬಿದೆನೆಂಬ ತೃಪ್ತಿಯಲ್ಲಿ ಕೈ ಮುಗಿದರು. ನಡುಮನೆಯಲ್ಲಿದ್ದ ಇಪ್ಪತ್ತು ಜನರೂ ನೆಲದ ಅಕ್ಕಿಯನ್ನೇ ನೋಡಿದರು.

"ಅವ್ವನ ಕಣ್ಣು ಯಾವಾಗಿಂದ ಹಿಂಗಾಗಿದೆ ಅತ್ತಿಗೆ?" ಎಂದು ನಾದಿನಿ ಕೇಳಿದಳು.

"ಮೊನ್ನೆ ಮೊನ್ನೆಯಿಂದ" ಎಂದೆ. ಬಾಯಿಗೆ ಬಂದ ಸುಳ್ಳು ಅಷ್ಟು ಸಲೀಸಾಗಿತ್ತು. ಅತ್ತೆಯವರೂ, "ಹೂಂ, ಮೊನ್ನೆಯಿಂದ ಒಸಿ ಮಂಜು" ಎಂದು ದನಿಗೂಡಿಸಿದರು. ನೆಲದ ಅಕ್ಕಿಯನ್ನು ನಾನೇ ಬಾಚಿದೆ.

ಮರುದಿನ ಗಂಡ ನನ್ನನ್ನು ಏನೂ ಕೇಳದೆ ಜೀಪು ತೆಗೆದರು. ಮುಂದಿನ ವಾರ ಮೈಸೂರಿಗೆ ಹೋಗೋಣ ಎಂದೆ. "ಮಡಿಕೇರಿಗೆ. ಇವತ್ತೇ" ಎಂದರು. ದಾರಿಯಲ್ಲಿ ಲೈನಿನ ಹತ್ತಿರ ನಿಲ್ಲಿಸಿ ಕಾಫಿ ಕೊಯ್ಯುವವಳನ್ನೂ ಹತ್ತಿಸಿಕೊಂಡರು. ದೊಡ್ಡಾಸ್ಪತ್ರೆಯ ಒಳಗಿನ ದಾರಿ ಗೊತ್ತಿದ್ದದ್ದು ಅವಳಿಗೆ. ಅವಳು ನನ್ನ ಹಳೆಯ ಮಾತನ್ನು ಎತ್ತಲಿಲ್ಲ. ಅತ್ತೆಯವರ ಕೈ ಹಿಡಿದು, ಮೆಟ್ಟಿಲು ಬಂದಾಗ ಮೆಟ್ಟಿಲು ಎನ್ನುತ್ತಾ, ಚೀಟಿ ಮಾಡಿಸಿ, ಕಣ್ಣಿನ ವಿಭಾಗದ ಬೆಂಚಿನಲ್ಲಿ ಕೂರಿಸಿದಳು. ಎರಡು ವರ್ಷದ ಹಿಂದೆ ಯಾರ ಪಕ್ಕ ಕೂತರೆ ಮರ್ಯಾದೆ ಹೋಗುತ್ತದೆ ಎಂದುಕೊಂಡಿದ್ದೆನೋ ಅವರ ಪಕ್ಕದಲ್ಲೇ ಜಾಗ ಹುಡುಕಿ ಕೂತೆ. ನಮ್ಮಂಥ ಮನೆಯವರೂ ಅಲ್ಲಿ ಬೇಕಾದಷ್ಟು ಜನರಿದ್ದರು.

ಕರೆದಾಗ ಅತ್ತೆಯವರನ್ನು ಕುರ್ಚಿಯಲ್ಲಿ ಕೂರಿಸಿದೆ. ಸಾಲಿನಲ್ಲಿದ್ದವರೆಲ್ಲ ಕಾಣುವಷ್ಟು ಹತ್ತಿರದಲ್ಲೇ ಆ ಕುರ್ಚಿ. ಕೊಡಗಿನಲ್ಲಿ ನಾಲ್ಕಾರು ಭಾಷೆಯ ಜನ ಬರುವ ಜಾಗವಾದ್ದರಿಂದ ಗೋಡೆಯ ಮೇಲೆ ಅಂಕಿಗಳ ಚಾರ್ಟು ಹಾಕಿದ್ದರು. ಪರೀಕ್ಷೆ ಮಾಡುವವರು ಬಲಗಣ್ಣಿನ ಮೇಲೆ ಮುಚ್ಚಳ ಹಿಡಿದು, "ಓದಿ ಅಜ್ಜಿ" ಎಂದರು. ಎಡಗಣ್ಣು, ಬಸ್ಸಿನ ಬೋರ್ಡು ಓದುತ್ತಿದ್ದ ಕಣ್ಣು.

ಅತ್ತೆಯವರು ಬೆನ್ನು ನೆಟ್ಟಗೆ ಮಾಡಿ, ಸೆರಗು ಸರಿಪಡಿಸಿಕೊಂಡು, ಚಾರ್ಟು ಇರದ ಕಿಟಕಿಯ ಕಡೆಗೆ ಮುಖವಿಟ್ಟು ಶುರು ಮಾಡಿದರು.

"ರ, ಠ, ಗ, ಪ, ಸ, ದ."

ಪರೀಕ್ಷೆ ಮಾಡುವವರು ಒಮ್ಮೆ ಚಾರ್ಟು ನೋಡಿದರು, ಒಮ್ಮೆ ನನ್ನನ್ನು ನೋಡಿದರು. "ಅಜ್ಜಿ, ಇಲ್ಲಿ ಅಕ್ಷರ ಇಲ್ಲ, ನಂಬರ್ ಇರೋದು" ಎಂದರು. ಅವರು ನಗಲಿಲ್ಲ, ಅದಕ್ಕೆ ನಾನು ಅವರಿಗೆ ಋಣಿ.

ಎರಡು ವರ್ಷದಿಂದ ಆ ಆರು ಅಕ್ಷರಗಳನ್ನು ಅವರು ನೆನಪಿಟ್ಟುಕೊಂಡಿದ್ದರು. ಮುಂದೆ ಯಾವತ್ತಾದರೂ ಸೊಸೆಯ ಮಾನ ಉಳಿಸಬೇಕಾಗಿ ಬಂದರೆ ಇರಲಿ ಎಂದು. ಅತ್ತೆಯವರ ಮುಖ ಸಣ್ಣಗಾಯಿತು. ನಾನು ಎಲ್ಲಿ ನಿಂತಿರಬಹುದೆಂದು ಅಂದಾಜು ಮಾಡಿ ಅತ್ತ ತಿರುಗಿದರು.

"ಪಾಸಾಗ್ಲಿಲ್ವೇನವ್ವ?"

ನನಗೆ ತಡೆಯಲಾಗಲಿಲ್ಲ. ತರಗತಿಯಲ್ಲಿ ಮಾತಾಡುವ ದನಿಯಲ್ಲೇ, ಹಿಂದಿನ ಬೆಂಚಿಗೂ ಕೇಳಿಸುವ ಹಾಗೆ ಹೇಳಿದೆ. "ಇವರಿಗೆ ಕಾಣಲ್ಲ ಸಾರ್. ಬಲಗಣ್ಣು ಎರಡು ವರ್ಷದ ಹಿಂದೆನೇ ಕಾಣ್ತಿರಲಿಲ್ಲ. ಕ್ಯಾಂಪಿನಲ್ಲಿ ಬಾಯಿಪಾಠ ಮಾಡಿ ಹೇಳಿದ್ರು. ನಾನು ಅಲ್ಲೇ ನಿಂತಿದ್ದೆ. ನಂಗೆ ಗೊತ್ತಿತ್ತು. ಹೇಳ್ಬೇಡಿ ಅಂತ ಕಲಿಸಿ ಕರ್ಕೊಂಡು ಹೋದವಳು ನಾನೇ."

ಬೆಂಚಿನಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ನನ್ನ ಗಂಡ ಬಾಗಿಲ ಹತ್ತಿರ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಅತ್ತೆಯವರು ಕೈ ಚಾಚಿ ಗಾಳಿಯಲ್ಲಿ ತಡಕಾಡಿದರು. ಕೈ ತಗುಲಿ ಮುಚ್ಚಳ ಬಿತ್ತು. ಕೊನೆಗೆ ನನ್ನ ಸೆರಗಿನ ತುದಿ ಅವರ ಕೈಗೆ ಸಿಕ್ಕಿತು. ಅದನ್ನು ಹಿಡಿದು ನನ್ನನ್ನು ಹತ್ತಿರಕ್ಕೆ ಎಳೆದುಕೊಂಡರು.

"ಮೆಲ್ಲಕ್ಕೆ ಮಾತಾಡವ್ವ" ಎಂದರು. "ಜನ ಅವ್ರೆ."